ಆನೇಕಲ್ ಸೀಮೆಯ ತೇರುಗಳು

ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯು 332 ಎಕರೆಗಳ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಂದಿನಿಂದ ಈ ಭಾಗದ ಕೀರ್ತಿಯೆಲ್ಲವೂ ಗಾಜಿನ ಸೌಧಗಳ ಪಾಲಾಗಿ, ಅವುಗಳ ಬೆನ್ನಿಗೇ ತಮಿಳುನಾಡಿನ ಎಲ್ಲೆಯವರೆಗೆ ಹಬ್ಬಿರುವ ಆನೇಕಲ್ ಸೀಮೆಯು, ಹೊಸೂರಿಗೆ ಹೋಗುವವರು ಕಿಟಕಿಯಿಂದ ನೋಡಿ ಮರೆಯುವ ಪ್ರದೇಶವಾಗಿಬಿಟ್ಟಿದೆ. ರಜೆ ಬಂದೊಡನೆ ಕೊಡಗಿಗೋ ಊಟಿಗೋ ಧಾವಿಸುವ ಉದ್ಯೋಗಿಗಳು, ತಮ್ಮ ಕಚೇರಿಯಿಂದ ಕೂಗಳತೆಯಲ್ಲಿರುವ ಹುಸ್ಕೂರಿನ ಹೆಸರನ್ನು ಸಂಚಾರ ನಿರ್ಬಂಧದ ಪ್ರಕಟಣೆಯಲ್ಲಷ್ಟೇ ಓದಿರುತ್ತಾರೆ.

ಆ ನಿರ್ಬಂಧಕ್ಕೆ ಕಾರಣವಾದ ಮದ್ದೂರಮ್ಮನ ಜಾತ್ರೆಯಾದರೋ ಈ ಸೀಮೆಯಲ್ಲಿ ಅವಶ್ಯವಾಗಿ ನೋಡತಕ್ಕ ವೈಭವವೆಂದು ನನ್ನ ಅಭಿಪ್ರಾಯ. ಮಾರ್ಚ್–ಏಪ್ರಿಲ್ ತಿಂಗಳುಗಳ ಸುಮಾರಿಗೆ ದೊಡ್ಡನಾಗಮಂಗಲ, ರಾಯಸಂದ್ರ ಮೊದಲಾದ ಸುತ್ತಣ ಗ್ರಾಮಗಳವರು ತಮ್ಮ ತಮ್ಮ ಊರುಗಳಲ್ಲೇ ತೇರು ಕಟ್ಟಿ, ಹೊಲದ ಬದುಗಳನ್ನೂ ಡಾಂಬರು ರಸ್ತೆಗಳನ್ನೂ ದಾಟಿಸಿ ದೇವಿಯ ಸನ್ನಿಧಿಗೆ ಎಳೆದು ತರುತ್ತಾರೆ. ಗಾಲಿಗಳ ಪೀಠದ ಮೇಲೆ ಮರ, ಬೊಂಬುಗಳ ಅಟ್ಟಣೆಯನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಬಿಗಿದು, ಬಣ್ಣದ ಬಟ್ಟೆ ಹೊದಿಸಿ, ನೂರಡಿಯನ್ನೂ ಮೀರಿಸಿ ನಿಲ್ಲಿಸಿದ ಆ ಗೋಪುರವು ಚಲಿಸತೊಡಗಿದಾಗ, ಮುಂದೆ ಜೋಡಿ ಜೋಡಿಯಾಗಿ ಹೂಡಿದ ಎತ್ತುಗಳು, ಈಚೆಗೆ ಅವುಗಳ ನೆರವಿಗೆ ಬಂದಿರುವ ಟ್ರ್ಯಾಕ್ಟರುಗಳು, ವಾಲದಂತೆ ನಾಲ್ಕೂ ದಿಕ್ಕಿಗೆ ಹಗ್ಗ ಜಗ್ಗಿ ಹಿಡಿದ ತರುಣರು, ಅಡ್ಡಬರುವ ವಿದ್ಯುತ್ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟುವ ಲೈನ್‌ಮನ್‌ಗಳು, ಇವರೆಲ್ಲರೂ ಸೇರಿಯೇ ಮೆರವಣಿಗೆ ಪೂರ್ಣವಾಗುವುದು.

ಊರೂರುಗಳ ಪೈಪೋಟಿಯಿಂದ ತೇರಿನ ಎತ್ತರ ಬೆಳೆಯುತ್ತ ಹೋದುದರ ಫಲವೂ ಕಣ್ಣೆದುರಿಗಿದೆ. 2024ರಲ್ಲಿ ತೇರೊಂದು ನೆಲಕ್ಕುರುಳಿತು. ಮರುವರ್ಷದ ಮಾರ್ಚ್‌ನಲ್ಲಿ ಗಾಳಿಮಳೆಗೆ ತೇರುಗಳು ಕುಸಿದು ಪ್ರಾಣಹಾನಿಯೇ ಸಂಭವಿಸಿತು. ಇದರೊಡನೆ ಹೋಲಿಸಿ ನೋಡುವುದಾದರೆ, ಜಪಾನಿನ ಹಿದಾ ಪರ್ವತಪ್ರಾಂತದ ತಕಾಯಾಮಾ ಎಂಬ ಪುಟ್ಟ ನಗರದಲ್ಲಿಯೂ ಏಪ್ರಿಲ್ ಹಾಗೂ ಅಕ್ಟೋಬರ್‌ನಲ್ಲಿ ಯಾತಾಯ್ ಎನ್ನುವ ತೇರುಗಳು ಬೀದಿಗಿಳಿಯುತ್ತವೆ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಪಾನಿನ 33 ರಥೋತ್ಸವಗಳಲ್ಲಿ ತಕಾಯಾಮಾದ ಉತ್ಸವವೂ ಒಂದು. ಮೆರುಗೆಣ್ಣೆಯ ಹೊಳಪು, ಕುಸುರಿ ಕೆತ್ತನೆ, ಸೂತ್ರದ ಗೊಂಬೆಗಳು ಅವುಗಳ ಹಿರಿಮೆಯೇ ಹೊರತು ಎತ್ತರವಲ್ಲ. ಮಳೆ ಬಂತೆಂದರೆ ಲೋಕದ ನಾನಾ ಕಡೆಗಳಿಂದ ಬಂದ ಪ್ರವಾಸಿಗಳು ಎಷ್ಟೇ ನಿರಾಶರಾದರೂ ತೇರು ತನ್ನ ಉಗ್ರಾಣದಿಂದ ಹೊರಬರುವುದಿಲ್ಲ. ಇಂಥದೊಂದು ಕಟ್ಟಳೆಯನ್ನು ಅಧಿಕಾರಿಗಳು ಹೇರುವುದಕ್ಕಿಂತ ನಮ್ಮ ಗ್ರಾಮಗಳ ಹಿರಿಯರೇ ಕುಳಿತು ಗೊತ್ತುಮಾಡಿಕೊಂಡರೆ ದೇವಿಯ ಉತ್ಸವಕ್ಕೆ ಯಾವ ಕುಂದೂ ಬಾರದು.

ಆನೇಕಲ್ ಪಟ್ಟಣವು ಬೆಂಗಳೂರಿನಿಂದ ಸುಮಾರು 36 ಕಿಲೋಮೀಟರ್. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋದಲ್ಲಿ ಬೊಮ್ಮಸಂದ್ರದವರೆಗೆ ಬಂದು, ಚಂದಾಪುರದಲ್ಲಿ ಬಲಕ್ಕೆ ಹೊರಳುವ ರಸ್ತೆ ಹಿಡಿದರಾಯಿತು. ತಿಮ್ಮರಾಯಸ್ವಾಮಿಯ ದೇವಾಲಯವೂ ಚೈತ್ರಮಾಸದಲ್ಲಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ಕರಗವೂ ಇಲ್ಲಿ ಪ್ರಸಿದ್ಧ. ರಾಜಧಾನಿಯ ಕರಗದ ನೂಕುನುಗ್ಗಲಿನಲ್ಲಿ ಏನನ್ನೂ ಕಾಣದೆ ಹಿಂದಿರುಗಿದವರು ಒಮ್ಮೆ ಇಲ್ಲಿಗೆ ಬಂದು ನೋಡಬಹುದು.

ಪಟ್ಟಣದಿಂದ ಐದು ಕಿಲೋಮೀಟರ್ ದೂರದ ಮುತ್ಯಾಲಮಡುವು ಬೆಟ್ಟಗಳ ನಡುವಣ ಕಣಿವೆ. ಮೆಟ್ಟಿಲಿಳಿದರೆ ಕೆಳಗೊಂದು ಸಣ್ಣ ಶಿವಾಲಯ. ಬಂಡೆಯ ಮೇಲಿಂದ ಹನಿಹನಿಯಾಗಿ ಸಿಡಿಯುವ ನೀರಿನಿಂದಲೇ ಇದಕ್ಕೆ ಮುತ್ತಿನ ಹೆಸರು ಬಂದುದಂತೆ. ಮಳೆಗಾಲ ಕಳೆದು ಕೆಲವೇ ತಿಂಗಳಲ್ಲಿ ಆ ಧಾರೆ ಬತ್ತಿಹೋಗುವುದರಿಂದ, ಜಾಹೀರಾತಿನ ಚಿತ್ರಗಳನ್ನು ನಂಬಿ ಬೇಸಗೆಯಲ್ಲಿ ಹೋದವರಿಗೆ ಕಾಣುವುದು ಒಣಬಂಡೆ ಮತ್ತು ಊಟದ ಪೊಟ್ಟಣಕ್ಕೆ ಕೈಹಾಕಲು ಕಾದಿರುವ ಕೋತಿಗಳು.