ನೆಲ-ಜಲ ಸಂರಕ್ಷಣೆಯ ನಿರ್ವಹಣೆ: ಲೆಕ್ಕ ಬಲ್ಲವರಿಗೊಂದು ವೃತ್ತಿ

ಮಂಡ್ಯ ಜಿಲ್ಲೆ ಎಂದೊಡನೆ ನೆನಪಿಗೆ ಬರುವುದು ವಿಶ್ವೇಶ್ವರಯ್ಯ ನಾಲೆ, ಭತ್ತದ ಗದ್ದೆ, ಕಬ್ಬು ಹಾಗೂ ಆಲೆಮನೆ. ಆದರೆ ಜಿಲ್ಲೆಯ ಎಲ್ಲ ಭೂಮಿಗೂ ನಾಲೆಯ ನೀರಿನ ಭಾಗ್ಯವಿಲ್ಲ. ಮಂಡ್ಯ ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ಹೋಬಳಿ ಕೇಂದ್ರ ಬಸರಾಳಿನ ಸುತ್ತಮುತ್ತ ಮಳೆ, ಕೆರೆ ಮತ್ತು ಕೊಳವೆಬಾವಿಗಳನ್ನು ನಂಬಿದ ಹೊಲಗಳು ಬಹಳ. ಇಂತಹ ಕಡೆ ಮುಂಗಾರು ಕೈಕೊಟ್ಟರೆ ನಷ್ಟವು ರೈತನ ಹೊಲದಲ್ಲಿಯೇ ನಿಲ್ಲುವುದಿಲ್ಲ. ಗೊಬ್ಬರದ ಅಂಗಡಿ, ಬಟ್ಟೆಯ ಅಂಗಡಿ, ಹಿಟ್ಟಿನ ಗಿರಣಿ, ಪಂಪು ದುರಸ್ತಿಯ ಕಾರ್ಯಾಗಾರ, ಎಲ್ಲವಕ್ಕೂ ಅದರ ಬಿಸಿ ತಟ್ಟುತ್ತದೆ. ಉದ್ರಿ ಕೊಟ್ಟ ವರ್ತಕನ ಬಾಕಿಯು ಮುಂದಿನ ಸುಗ್ಗಿಯವರೆಗೆ ಖಾತೆಯಲ್ಲಿಯೇ ಉಳಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದನ್ನು ವ್ಯಾಪಾರಸ್ಥರು ಮರೆತಿರಲಾರರು.

ಈ ಹಿನ್ನೆಲೆಯಲ್ಲಿ ನೆಲ-ಜಲ ಸಂರಕ್ಷಣಾ ಕಾರ್ಯಕ್ರಮಗಳ ನಿರ್ವಹಣೆಯನ್ನು ಒಂದು ಉದ್ಯೋಗ ಕ್ಷೇತ್ರವಾಗಿ ಪರಿಶೀಲಿಸುವುದು ಉಚಿತವಾಗಿದೆ. ಇದು ಕೃಷಿ ಪದವೀಧರರಿಗೆ ಮತ್ತು ಎಂಜಿನಿಯರುಗಳಿಗೆ ಮಾತ್ರ ಮೀಸಲಾದುದು ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಈ ವೃತ್ತಿಯ ತಿರುಳು ಲೆಕ್ಕ ಮತ್ತು ಒಮ್ಮತ. ಇವೆರಡೂ ವರ್ತಕ ಮನೆತನದ ಮಕ್ಕಳಿಗೆ ಹೊಸತಲ್ಲ.

ಹಳೆಯ ವೃತ್ತಿ, ಹೊಸ ಹೆಸರು

ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದನು. ದೇವಾಲಯದಂತೆ ಕೆರೆಯನ್ನು ಕಟ್ಟಿಸುವುದೂ ಆ ಕಾಲದಲ್ಲಿ ಧರ್ಮಕಾರ್ಯವಾಗಿತ್ತು. ಕಟ್ಟಿಸಿ ಕೈತೊಳೆದುಕೊಳ್ಳುವ ಪದ್ಧತಿ ಅಂದು ಇರಲಿಲ್ಲ. ಕೆರೆಯ ದುರಸ್ತಿ ಮತ್ತು ಮೇಲ್ವಿಚಾರಣೆಗೆಂದು ಬಿಟ್ಟ ಭೂಮಿಯನ್ನು ಕನ್ನಡ ನಾಡಿನ ಶಾಸನಗಳು ಕಟ್ಟುಗೊಡಗೆ, ಬಿತ್ತುವಟ್ಟ ಎಂಬ ಹೆಸರುಗಳಿಂದ ಕರೆಯುತ್ತವೆ. ತೂಬು ತೆರೆದು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ನೀರಿನ ನಿರ್ವಹಣೆ ಎಂಬ ವೃತ್ತಿಯು ಈ ಸೀಮೆಗೆ ಹೊಸದಾಗಿ ಬಂದುದೇನೂ ಅಲ್ಲ.

ಈಗಿನ ರೂಪದ ಜಲಾನಯನ ಕಾರ್ಯಕ್ರಮಗಳು ರಾಜ್ಯದಲ್ಲಿ ನೆಲೆಗೊಂಡುದು 1980ರ ದಶಕದಿಂದ ಈಚೆಗೆ. ಕನಕಪುರ ಭಾಗದ ಕಬ್ಬಾಳನಾಲಾ ಯೋಜನೆ ಅವುಗಳಲ್ಲಿ ಮೊದಲನೆಯ ಸಾಲಿನದು. 2000ರಲ್ಲಿ ಜಲಾನಯನ ಅಭಿವೃದ್ಧಿ ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡಿತು. ವಿಶ್ವಬ್ಯಾಂಕಿನ ನೆರವಿನ ‘ಸುಜಲ’ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ ಮತ್ತು ಹಾವೇರಿ ಜಿಲ್ಲೆಗಳಲ್ಲಿ ನಡೆಯಿತು. ಉಪಗ್ರಹ ಚಿತ್ರಗಳ ಮೂಲಕ ಪ್ರಗತಿಯನ್ನು ಅಳೆಯುವುದು ಮತ್ತು ಯೋಜನೆ ತಯಾರಿಸುವಾಗಲೇ ರೈತ ಕುಟುಂಬಗಳನ್ನು ಕೂರಿಸಿಕೊಳ್ಳುವುದು ಅದರ ವೈಶಿಷ್ಟ್ಯವಾಗಿತ್ತು. ಕೇಂದ್ರ ಸರಕಾರದ 2008ರ ಸಾಮಾನ್ಯ ಮಾರ್ಗಸೂಚಿಯು ದೇಶದಾದ್ಯಂತ ಈ ಕೆಲಸಕ್ಕೆ ಒಂದೇ ಚೌಕಟ್ಟನ್ನು ಒದಗಿಸಿತು.

ಮಳೆಯ ಲೆಕ್ಕ, ಹಣದ ಲೆಕ್ಕ

ಒಂದು ಹೆಕ್ಟೇರ್ ಭೂಮಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು 10,000 ಲೀಟರ್ ನೀರು. ಒಂದು ಕಿರು ಜಲಾನಯನ ಪ್ರದೇಶದ ವಿಸ್ತೀರ್ಣ ಸಾಮಾನ್ಯವಾಗಿ 500 ಹೆಕ್ಟೇರಿನ ಆಸುಪಾಸಿನಲ್ಲಿರುತ್ತದೆ. ವರ್ಷಕ್ಕೆ 700 ಮಿ.ಮೀ. ಮಳೆಯೆಂದು ಹಿಡಿದರೂ ಅಷ್ಟು ನೆಲದ ಮೇಲೆ ಬೀಳುವ ನೀರು 350 ಕೋಟಿ ಲೀಟರ್. ಅದರಲ್ಲಿ ಎಷ್ಟು ಮಣ್ಣಿಗೆ ಇಂಗಿತು, ಎಷ್ಟು ಕೆರೆಗೆ ಸೇರಿತು, ಎಷ್ಟು ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರಿತು ಎಂಬುದೇ ಜಲಾನಯನ ನಿರ್ವಾಹಕನ ಮೊದಲ ಖಾತೆ.

ಎರಡನೆಯದು ಹಣದ ಖಾತೆ. 2009-10ರಿಂದ ಜಾರಿಗೆ ಬಂದ ಸಮಗ್ರ ಜಲಾನಯನ ನಿರ್ವಹಣಾ ಕಾರ್ಯಕ್ರಮದಲ್ಲಿ ಬಯಲು ಸೀಮೆಯ ಹೆಕ್ಟೇರಿಗೆ 12,000 ರೂಪಾಯಿ ನಿಗದಿಯಾಗಿತ್ತು. 2021-22ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕದ ಎರಡನೆಯ ಹಂತದಲ್ಲಿ ಅದು 22,000 ರೂಪಾಯಿಗೆ ಏರಿತು. 5,000 ಹೆಕ್ಟೇರಿನ ಒಂದು ಯೋಜನೆಯೆಂದರೆ ಹಿಂದಿನ ದರದಲ್ಲಿ 6 ಕೋಟಿ, ಪರಿಷ್ಕೃತ ದರದಲ್ಲಿ 11 ಕೋಟಿ ರೂಪಾಯಿ. ಮಧ್ಯಮ ಗಾತ್ರದ ಒಂದು ಕಾರ್ಖಾನೆಯ ಬಂಡವಾಳಕ್ಕೆ ಸಮನಾದ ಈ ಹಣವು ನೂರಾರು ಸಣ್ಣ ಕಾಮಗಾರಿಗಳಲ್ಲಿ, ಸಾವಿರಾರು ಜನರ ಜಮೀನುಗಳಲ್ಲಿ ಹಂಚಿಹೋಗುತ್ತದೆ.

ಕಾಮಗಾರಿಗಿಂತ ಕಠಿಣವಾದುದು

ಬದು, ಕೃಷಿ ಹೊಂಡ, ಗೋಕಟ್ಟೆ, ಚೆಕ್ ಡ್ಯಾಂಗಳ ನಿರ್ಮಾಣ ತಂತ್ರಜ್ಞಾನದ ದೃಷ್ಟಿಯಿಂದ ಕಷ್ಟವಲ್ಲ. ದಿಣ್ಣೆಯಿಂದ ಹಳ್ಳದವರೆಗೆ ಕ್ರಮವಾಗಿ ಕೆಲಸ ಸಾಗಬೇಕೆಂಬುದು ಇಲ್ಲಿನ ಮೂಲ ಸೂತ್ರ. ಕಷ್ಟವಿರುವುದು ಜನರನ್ನು ಒಂದುಗೂಡಿಸುವಲ್ಲಿ. ಬದುವಿಗೆ ಎರಡು ಅಡಿ ಜಾಗ ಬಿಡಲು ಒಬ್ಬ ಒಪ್ಪದಿದ್ದರೆ ಇಡೀ ಸಾಲು ಅಲ್ಲಿಗೇ ನಿಲ್ಲುತ್ತದೆ. ಮೇಲ್ಭಾಗದಲ್ಲಿ ಹೊಂಡಗಳು ಮಿತಿಮೀರಿದರೆ ಕೆಳಗಿನ ಕೆರೆಗೆ ಬರುವ ನೀರು ಕಡಿಮೆಯಾಗಿ ಅಚ್ಚುಕಟ್ಟುದಾರರು ಜಗಳಕ್ಕೆ ನಿಲ್ಲುತ್ತಾರೆ. ಎಷ್ಟು ಹೊಂಡ, ಎಲ್ಲಿ, ಯಾರ ಜಮೀನಿನಲ್ಲಿ ಎಂಬುದನ್ನು ಇಬ್ಬರನ್ನೂ ಎದುರುಬದುರು ಕೂರಿಸಿ ತೀರ್ಮಾನಿಸುವ ತಾಳ್ಮೆ ನಿರ್ವಾಹಕನಿಗೆ ಇರಬೇಕು.

ಖಾಸಗಿ ಜಮೀನಿನಲ್ಲಿ ನಡೆಯುವ ಕೆಲಸಕ್ಕೆ ರೈತನು ವೆಚ್ಚದ ಕನಿಷ್ಠ ಶೇಕಡ 10ರಷ್ಟನ್ನು, ಸಣ್ಣ ಮತ್ತು ಅತಿಸಣ್ಣ ರೈತರು ಹಾಗೂ ಪರಿಶಿಷ್ಟರು ಶೇಕಡ 5ರಷ್ಟನ್ನು ವಂತಿಗೆಯಾಗಿ ಕೊಡಬೇಕೆಂದು 2008ರ ಮಾರ್ಗಸೂಚಿ ವಿಧಿಸಿತ್ತು. 20,000 ರೂಪಾಯಿಯ ಕೆಲಸಕ್ಕೆ 2,000 ಅಥವಾ 1,000 ರೂಪಾಯಿ. ಈ ಹಣವು ಜಲಾನಯನ ಅಭಿವೃದ್ಧಿ ನಿಧಿಯಲ್ಲಿ ಕೂಡಿ, ಯೋಜನೆ ಮುಗಿದ ನಂತರ ಸಾಮೂಹಿಕ ಆಸ್ತಿಗಳ ದುರಸ್ತಿಗೆ ಒದಗಬೇಕೆಂಬುದು ಉದ್ದೇಶ. ಹಿಂದಿನ ಕಟ್ಟುಗೊಡಗೆಯ ಸ್ಥಾನದಲ್ಲಿ ಇಂದು ನಿಂತಿರುವುದು ಈ ನಿಧಿಯೇ.

ಹೆಕ್ಟೇರಿಗೆ 360 ರೂಪಾಯಿ

ಇಲ್ಲಿಯೇ ಈ ಕ್ಷೇತ್ರದ ದೌರ್ಬಲ್ಯವೂ ಅಡಗಿದೆ. 2011ರ ಪರಿಷ್ಕೃತ ಮಾರ್ಗಸೂಚಿಯಂತೆ ವೆಚ್ಚದ ಶೇಕಡ 56 ಭಾಗ ಕಾಮಗಾರಿಗಳಿಗೆ ಮೀಸಲಾಗಿತ್ತು. ಎಲ್ಲವನ್ನೂ ಊರಿನವರ ಕೈಗೆ ಒಪ್ಪಿಸುವ ಕೊನೆಯ ಕ್ರೋಡೀಕರಣ ಹಂತಕ್ಕೆ ದೊರೆತುದು ಶೇಕಡ 3 ಮಾತ್ರ. ಹೆಕ್ಟೇರಿಗೆ 12,000 ರೂಪಾಯಿಯ ದರದಲ್ಲಿ ಕಟ್ಟುವುದಕ್ಕೆ 6,720 ರೂಪಾಯಿ, ಕಟ್ಟಿದ್ದನ್ನು ಉಳಿಸುವ ವ್ಯವಸ್ಥೆಗೆ 360 ರೂಪಾಯಿ. ಯಂತ್ರ ಕೊಂಡು ಅದರ ನಿರ್ವಹಣೆಗೆ ಹಣವಿಡದ ಕಾರ್ಖಾನೆಯ ಗತಿ ಏನಾಗುವುದೆಂದು ಕೈಗಾರಿಕೋದ್ಯಮಿಗಳಿಗೆ ಹೇಳಬೇಕಾಗಿಲ್ಲ. ಹೂಳು ತೆಗೆಯದ ಚೆಕ್ ಡ್ಯಾಂ ಕೆಲವೇ ಮಳೆಗಾಲಗಳಲ್ಲಿ ತನ್ನ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ.

ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕುರಿಗಾಹಿ ಕಲ್ಮನೆ ಕಾಮೇಗೌಡರು ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿಸಿ ದೇಶದ ಗಮನ ಸೆಳೆದರು. 2020ರ ಜೂನ್ ತಿಂಗಳ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಅವರ 16 ಕಟ್ಟೆಗಳನ್ನು ಪ್ರಸ್ತಾಪಿಸಿದರು. 2022ರ ಅಕ್ಟೋಬರಿನಲ್ಲಿ ಕಾಮೇಗೌಡರು ನಿಧನರಾದರು. ಒಬ್ಬರ ತಪಸ್ಸು ಒಂದು ಬೆಟ್ಟಕ್ಕೆ ನೀರು ತರಬಲ್ಲದು. ಒಂದು ಹೋಬಳಿಯ ನೀರು ತಲೆಮಾರುಗಳವರೆಗೆ ಉಳಿಯಬೇಕಾದರೆ ವ್ಯಕ್ತಿಯ ನಂತರವೂ ನಡೆಯುವ ಸಮಿತಿ, ನಿಧಿ ಮತ್ತು ಲೆಕ್ಕಪುಸ್ತಕ ಬೇಕಾಗುತ್ತವೆ. ಇವನ್ನು ಕಟ್ಟಿಕೊಡುವವನೇ ಸಮರ್ಥ ನಿರ್ವಾಹಕ.

ಪ್ರವೇಶದ ದಾರಿಗಳು

ಮಾರ್ಗಸೂಚಿಯು ರೂಪಿಸಿದ ವ್ಯವಸ್ಥೆಯಲ್ಲಿ ಮೊದಲ ಮೆಟ್ಟಿಲು ಗ್ರಾಮದ ಜಲಾನಯನ ಸಮಿತಿಯ ಕಾರ್ಯದರ್ಶಿ ಸ್ಥಾನ. ಗ್ರಾಮಸಭೆಯ ಮೂಲಕ ಆಯ್ಕೆಯಾಗುವ ಈ ಕಾರ್ಯದರ್ಶಿ ಪಂಚಾಯಿತಿಯ ನೌಕರನಲ್ಲ; ಗೌರವಧನ ಪಡೆದು ನಡಾವಳಿ ಮತ್ತು ಲೆಕ್ಕ ಬರೆಯುವವನು. ಬಸರಾಳಿನಂತಹ ಊರಿನ ವಾಣಿಜ್ಯ ಪದವೀಧರನಿಗೆ ಇದು ತಕ್ಕ ಆರಂಭ. ಮುಂದಿನದು ಜಲಾನಯನ ಅಭಿವೃದ್ಧಿ ತಂಡ. ಕೃಷಿ, ಮಣ್ಣು, ನೀರು ಹಾಗೂ ಸಮುದಾಯ ಸಂಘಟನೆ ಬಲ್ಲ ಕನಿಷ್ಠ ನಾಲ್ವರು ಅದರಲ್ಲಿದ್ದು, ಒಬ್ಬರಾದರೂ ಮಹಿಳೆ ಇರಬೇಕು. ಜಿಲ್ಲಾ ಮಟ್ಟದ ಘಟಕದ ತಜ್ಞರ ವಿಷಯಗಳಲ್ಲಿ ನಿರ್ವಹಣೆ ಮತ್ತು ಲೆಕ್ಕಪತ್ರವೂ ಸೇರಿದೆ. ಅದರ ಮೇಲಿನದು ರಾಜ್ಯ ಮಟ್ಟದ ನೋಡಲ್ ಸಂಸ್ಥೆ.

ಶಿಕ್ಷಣಕ್ಕೂ ಅವಕಾಶಗಳುಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಜಲಾನಯನ ನಿರ್ವಹಣೆಯಲ್ಲಿ ಡಿಪ್ಲೊಮಾ ಶಿಕ್ಷಣ ರೂಪಿಸಿದೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಇಲಾಖೆಯ ಕೃಷಿ ಅಧಿಕಾರಿ ಹುದ್ದೆಗಳಿಗೆ ಲೋಕಸೇವಾ ಆಯೋಗದ ಮೂಲಕ ನೇಮಕಾತಿ ನಡೆಯುತ್ತದೆ. ಯೋಜನೆಗಳಲ್ಲಿನ ಉಳಿದ ಹುದ್ದೆಗಳು ಬಹುತೇಕ ಗುತ್ತಿಗೆಯವು. ಯೋಜನೆ ಮುಗಿದೊಡನೆ ಕೆಲಸವೂ ಮುಗಿಯುತ್ತದೆ. ಈ ಅಭದ್ರತೆಯನ್ನು ತಿಳಿದೇ ಯುವಕ ಯುವತಿಯರು ಹೆಜ್ಜೆಯಿಡುವುದು ಒಳಿತು. ಊರಿನ ಪರಿಚಯವುಳ್ಳ ತಂಡವು ಅತ್ಯಂತ ಅಗತ್ಯವಾದ ಕೊನೆಯ ಹಂತದಲ್ಲಿ ಚದುರಿಹೋಗುವುದಕ್ಕೂ ಇದೇ ಕಾರಣ.

ವರ್ತಕರ ಪಾತ್ರ

ಈ ಕಾರ್ಯಕ್ರಮಗಳಿಂದ ವ್ಯಾಪಾರಕ್ಕೆ ನೇರ ಪ್ರಯೋಜನವೂ ಇದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಹೊಂಡದ ಜೊತೆಗೆ ಪಾಲಿಥೀನ್ ಹೊದಿಕೆ, ಡೀಸೆಲ್ ಪಂಪ್‌ಸೆಟ್ ಹಾಗೂ ತುಂತುರು ನೀರಾವರಿ ಘಟಕಗಳಿಗೂ ಬೇಡಿಕೆ ತಂದಿತು. ಆದರೆ ಒಮ್ಮೆ ಸರಕು ಮಾರಿ ಮುಗಿಸುವುದಕ್ಕಿಂತ, ಪ್ರತಿವರ್ಷ ಬೆಳೆ ಕೈಗೆ ಬರುವ ಗಿರಾಕಿಯನ್ನು ಉಳಿಸಿಕೊಳ್ಳುವುದು ದೊಡ್ಡ ಲಾಭ. ಕಂಪನಿ ಕಾಯ್ದೆ, 2013ರ ಸಾಮಾಜಿಕ ಹೊಣೆಗಾರಿಕೆಯ ನಿಯಮ ಸಣ್ಣ ಉದ್ದಿಮೆಗಳಿಗೆ ಅನ್ವಯಿಸದಿರಬಹುದು. ಹೋಬಳಿಯ ವರ್ತಕರು ಒಟ್ಟುಗೂಡಿ ಜಲಾನಯನ ಸಮಿತಿಯ ವಾರ್ಷಿಕ ಲೆಕ್ಕ ತಪಾಸಣೆಗೆ ನೆರವಾಗುವುದಕ್ಕೆ, ಯೋಜನೆ ಮುಗಿದ ಮೇಲೆ ಕಾರ್ಯದರ್ಶಿಯ ಗೌರವಧನವನ್ನು ಕೆಲವು ವರ್ಷ ಮುಂದುವರಿಸುವುದಕ್ಕೆ ಯಾವ ಕಾಯ್ದೆಯ ಒತ್ತಾಯವೂ ಬೇಕಾಗಿಲ್ಲ. ನೀರುಗಂಟಿಗೆ ಸುಗ್ಗಿಯ ಪಾಲು ಸಲ್ಲಿಸಿದ ಸೀಮೆಗೆ ಇದು ಹೊರಗಿನಿಂದ ಕಲಿಯಬೇಕಾದ ಪಾಠವೂ ಅಲ್ಲ.