ಡ್ರ್ಯಾಗನ್ ಏಜ್ ಅಭಿಮಾನಿ ಧಾರಾವಾಹಿಗಳು

ಡ್ರ್ಯಾಗನ್ ಏಜ್ ಅಭಿಮಾನಿ ಧಾರಾವಾಹಿಗಳು ಎಂದರೆ ಕೆನಡಾದ ಬಯೋವೇರ್ ಸಂಸ್ಥೆಯು ರೂಪಿಸಿದ 'ಡ್ರ್ಯಾಗನ್ ಏಜ್' ವಿಡಿಯೊ ಆಟಗಳ ಸರಣಿಯನ್ನು ಆಧರಿಸಿ, ಆ ಆಟಗಳನ್ನು ಆಡಿದ ಅಭಿಮಾನಿಗಳು ಕಂತುಕಂತಾಗಿ ಬರೆದು ಪ್ರಕಟಿಸುವ ಕಥೆಗಳು. ಇವು ಫ್ಯಾನ್ ಫಿಕ್ಷನ್ ಎಂದು ಹೆಸರಾದ ಅಭಿಮಾನಿ ಕಥಾಸಾಹಿತ್ಯದ ಒಂದು ಶಾಖೆಯಾಗಿವೆ. ಕಾದಂಬರಿ ಅಥವಾ ಚಲನಚಿತ್ರವನ್ನು ಆಧರಿಸಿದ ಅಭಿಮಾನಿ ಕಥೆಗಳಿಗೂ ಇವುಗಳಿಗೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಕಾದಂಬರಿಯ ನಾಯಕ ಎಲ್ಲ ಓದುಗರಿಗೂ ಒಬ್ಬನೇ. ಆದರೆ ಈ ಆಟಗಳ ನಾಯಕ ಅಥವಾ ನಾಯಕಿಯನ್ನು ಪ್ರತಿಯೊಬ್ಬ ಆಟಗಾರನೂ ತಾನೇ ರೂಪಿಸಿಕೊಳ್ಳುತ್ತಾನೆ. ಆದ್ದರಿಂದ ಮೂಲಕಥೆಯೇ ಆಡಿದವರಿಂದ ಆಡಿದವರಿಗೆ ಬೇರೆಯಾಗುತ್ತದೆ. ಆಟವು ತೆರೆದಿಟ್ಟ ಅನೇಕ ದಾರಿಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಕಾರಣ ಮತ್ತು ಪರಿಣಾಮಗಳನ್ನು ಕಲ್ಪಿಸುವುದೇ ಈ ಧಾರಾವಾಹಿಗಳ ಲೇಖಕರ ಮುಖ್ಯ ಕೆಲಸವಾಗಿದೆ.

ಮೂಲ ಆಟಗಳು

ಸರಣಿಯ ಮೊದಲ ಆಟ 'ಡ್ರ್ಯಾಗನ್ ಏಜ್: ಆರಿಜಿನ್ಸ್' 2009ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಆ ಬಳಿಕ 'ಡ್ರ್ಯಾಗನ್ ಏಜ್ 2' (2011), 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಶನ್' (2014) ಮತ್ತು 'ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್' (2024) ಬಂದವು. ಇವುಗಳ ಪ್ರಕಾಶಕರು ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ. ಇವು ಪಾತ್ರಧಾರಣೆಯ ಆಟಗಳ, ಅಂದರೆ ರೋಲ್‌ಪ್ಲೇಯಿಂಗ್ ಗೇಮ್‌ಗಳ ವರ್ಗಕ್ಕೆ ಸೇರುತ್ತವೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಈ ವರ್ಗದ ಮೂಲವಾಗಿದೆ. ಅದರಲ್ಲಿ ಆಟಗಾರರು ಮೇಜಿನ ಸುತ್ತ ಕುಳಿತು, ತಮ್ಮ ತಮ್ಮ ಪಾತ್ರಗಳ ನಡೆನುಡಿಗಳನ್ನು ತಾವೇ ಹೇಳುತ್ತ ಕಥೆಯನ್ನು ಮುಂದುವರಿಸುತ್ತಾರೆ.

ಡ್ರ್ಯಾಗನ್ ಏಜ್ ನಡೆಯುವ ಕಾಲ್ಪನಿಕ ಭೂಖಂಡದ ಹೆಸರು ಥೆಡಾಸ್. 'ದ ಡ್ರ್ಯಾಗನ್ ಏಜ್ ಸೆಟ್ಟಿಂಗ್' ಎಂಬ ಇಂಗ್ಲಿಷ್ ಪದಗುಚ್ಛದ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಮಾಡಲಾಗಿದೆ. ಮೊದಲ ಆಟದ ಪ್ರಮುಖ ಬರಹಗಾರ ಡೇವಿಡ್ ಗೇಡರ್ ಇದೇ ಲೋಕವನ್ನು ಆಧರಿಸಿ 'ದ ಸ್ಟೋಲನ್ ಥ್ರೋನ್', 'ದ ಕಾಲಿಂಗ್' (ಎರಡೂ 2009) ಮತ್ತು 'ಅಸಂಡರ್' (2011) ಎಂಬ ಅಧಿಕೃತ ಕಾದಂಬರಿಗಳನ್ನೂ ಬರೆದಿದ್ದಾರೆ. ಸಂಸ್ಥೆಯ ಅನುಮತಿಯಿಂದ ಹೊರಬಂದ ಇಂತಹ ಕೃತಿಗಳನ್ನು ಅಭಿಮಾನಿ ಕಥೆಗಳೆಂದು ಪರಿಗಣಿಸುವುದಿಲ್ಲ.

ಅಭಿಮಾನಿ ಕಥೆಗಳ ಹಿನ್ನೆಲೆ

ಇಂದಿನ ರೂಪದ ಅಭಿಮಾನಿ ಕಥೆಗಳ ಬೆಳವಣಿಗೆಗೆ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ದೂರದರ್ಶನ ಸರಣಿ ದೊಡ್ಡ ಪ್ರೇರಣೆಯಾಯಿತು. 1967ರಲ್ಲಿ ಅದರ ಅಭಿಮಾನಿಗಳು 'ಸ್ಪಾಕನೇಲಿಯ' ಎಂಬ ಪತ್ರಿಕೆಯನ್ನು ತಾವೇ ಮುದ್ರಿಸಿ ಹಂಚಿದರು. ಅಂತರಜಾಲ ಬಂದ ಮೇಲೆ ಮುದ್ರಣ ಮತ್ತು ಅಂಚೆಯ ವೆಚ್ಚ ಉಳಿಯಿತು. 1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಆರಂಭವಾಯಿತು. 2007ರಲ್ಲಿ ಸ್ಥಾಪನೆಯಾದ ಆರ್ಗನೈಸೇಶನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಎಂಬ ಲಾಭರಹಿತ ಸಂಸ್ಥೆಯು 2009ರ ನವೆಂಬರ್‌ನಲ್ಲಿ 'ಆರ್ಕೈವ್ ಆಫ್ ಅವರ್ ಓನ್' ಎಂಬ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆಯಿತು. ಇದನ್ನು ಸ್ವಯಂಸೇವಕರು ನಡೆಸುತ್ತಾರೆ. ಇದರ ಹೆಸರು ವರ್ಜೀನಿಯಾ ವುಲ್ಫ್ ಅವರ 'ಎ ರೂಮ್ ಆಫ್ ಒನ್ಸ್ ಓನ್' ಎಂಬ ಪ್ರಬಂಧದ ಶೀರ್ಷಿಕೆಯನ್ನು ನೆನಪಿಸುವಂತಿದೆ. 2019ರಲ್ಲಿ ಈ ಸಂಗ್ರಹಕ್ಕೆ 'ಸಂಬಂಧಿತ ಕೃತಿ' ವಿಭಾಗದಲ್ಲಿ ಹ್ಯೂಗೊ ಪ್ರಶಸ್ತಿ ದೊರೆಯಿತು. 'ಆರಿಜಿನ್ಸ್' ಆಟವೂ ಈ ಸಂಗ್ರಹವೂ ಒಂದೇ ತಿಂಗಳಲ್ಲಿ ಜನರ ಮುಂದೆ ಬಂದವು ಎಂಬುದು ಗಮನಾರ್ಹ.

ಹೆಸರಿಲ್ಲದ ನಾಯಕ

'ಆರಿಜಿನ್ಸ್' ಆಟದಲ್ಲಿ ಡಾರ್ಕ್‌ಸ್ಪಾನ್ ಎಂಬ ದುಷ್ಟಜೀವಿಗಳು ಫೆರೆಲ್ಡೆನ್ ರಾಜ್ಯದ ಮೇಲೆ ದಾಳಿ ಮಾಡುತ್ತವೆ. ಅವುಗಳನ್ನು ತಡೆಯಲು ಗ್ರೇ ವಾರ್ಡನ್ ಎಂಬ ಯೋಧರ ಪಂಗಡವಿದೆ. ಕಥಾನಾಯಕ ಈ ಪಂಗಡವನ್ನು ಸೇರುವವನು ಅಥವಾ ಸೇರುವವಳು. ಆಟಗಾರನು ಆರು ಪೂರ್ವಕಥೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಮಾನವ ಕುಲೀನ, ಮಾಂತ್ರಿಕ, ನಗರದ ಎಲ್ಫ್, ಕಾಡಿನ ಎಲ್ಫ್, ಕುಬ್ಜ ರಾಜಕುಲದವ ಮತ್ತು ಕುಬ್ಜರಲ್ಲಿ ಬಹಿಷ್ಕೃತ ಜಾತಿಗೆ ಸೇರಿದವ. ಮುಖ, ಲಿಂಗ ಮತ್ತು ಹೆಸರು ಆಟಗಾರನ ಆಯ್ಕೆಗೆ ಬಿಟ್ಟವು. ಈ ನಾಯಕನ ಮಾತುಗಳು ಪರದೆಯ ಮೇಲೆ ಅಕ್ಷರಗಳಾಗಿ ಮಾತ್ರ ಕಾಣುತ್ತವೆ; ಅವುಗಳಿಗೆ ಧ್ವನಿಯಿಲ್ಲ. ಉಳಿದ ಪಾತ್ರಗಳಿಗೆ ಧ್ವನಿಯಿದ್ದರೂ ಅವು ನಾಯಕನನ್ನು ಆಟಗಾರನಿಟ್ಟ ಹೆಸರಿನಿಂದ ಕರೆಯುವುದಿಲ್ಲ, 'ವಾರ್ಡನ್' ಎನ್ನುತ್ತವೆ.

ಮನೆತನದ ಹೆಸರನ್ನು ಮಾತ್ರ ಆಟವೇ ಕೊಡುತ್ತದೆ. ಉದಾಹರಣೆಗೆ, ಮಾನವ ಕುಲೀನನಿಗೆ ಕೌಸ್‌ಲ್ಯಾಂಡ್, ನಗರದ ಎಲ್ಫ್‌ಗೆ ಟ್ಯಾಬ್ರಿಸ್, ಕುಬ್ಜ ರಾಜಕುಲದವನಿಗೆ ಈಡುಕನ್. ಎಷ್ಟೋ ಧಾರಾವಾಹಿಗಳ ಪರಿಚಯದಲ್ಲಿ ಈ ಮನೆತನದ ಹೆಸರೇ ಮೊದಲು ಬರುತ್ತದೆ. ಅದನ್ನು ಓದಿದ ಕೂಡಲೇ ಆಟ ಬಲ್ಲ ಓದುಗನಿಗೆ ನಾಯಕನ ಹುಟ್ಟು, ವರ್ಗ ಮತ್ತು ಗಾಯಗಳು ತಿಳಿಯುತ್ತವೆ. ಸ್ವಭಾವ, ಭಯ, ಹಾಸ್ಯಪ್ರಜ್ಞೆ, ಪ್ರೀತಿ ಇವೆಲ್ಲವನ್ನೂ ಲೇಖಕನೇ ತುಂಬಬೇಕು.

ಆಟದ ತೀರ್ಮಾನಗಳೂ ಹೀಗೆಯೇ ಕವಲೊಡೆದಿವೆ. ಕೊನೆಯಲ್ಲಿ ಆರ್ಚ್‌ಡೀಮನ್ ಎಂಬ ಘೋರ ಡ್ರ್ಯಾಗನ್‌ಅನ್ನು ಕೊಲ್ಲುವ ವಾರ್ಡನ್ ತಾನೂ ಸಾಯಬೇಕು. ಮಾರಿಗನ್ ಎಂಬ ಮಾಂತ್ರಿಕಳು ಸೂಚಿಸುವ ಗೂಢಕ್ರಿಯೆಗೆ ಒಪ್ಪಿದರೆ ಮಾತ್ರ ಈ ಸಾವು ತಪ್ಪುತ್ತದೆ. ಆದರೆ ಹುಟ್ಟಲಿರುವ ಮಗುವೊಂದು ಆ ಜೀವಿಯ ಆತ್ಮವನ್ನು ಹೊರಬೇಕಾಗುತ್ತದೆ. ಆಟದಲ್ಲಿ ಈ ನಿರ್ಣಯ ಕೆಲವು ಸಾಲುಗಳ ಸಂಭಾಷಣೆಯಲ್ಲಿ ಮುಗಿಯುತ್ತದೆ. ಒಪ್ಪಿದವನ ಅಳುಕು, ಒಪ್ಪದವನ ಕೊನೆಯ ರಾತ್ರಿ, ಉಳಿದವರ ದುಃಖ ಇವುಗಳಿಗೆ ಅಲ್ಲಿ ಹೆಚ್ಚಿನ ಸ್ಥಳವಿಲ್ಲ. ಅಭಿಮಾನಿ ಲೇಖಕರಿಗೆ ಇಂತಹ ಸ್ಥಳಗಳೇ ಕಥಾವಸ್ತು.

ಆಟದಿಂದ ಕಥೆಗೆ

ಆಡುವ ಅನುಭವವನ್ನು ಇದ್ದಂತೆಯೇ ಬರೆದರೆ ಕಥೆಯಾಗುವುದಿಲ್ಲ. ಲೇಖಕರು ಸಾಮಾನ್ಯವಾಗಿ ಎದುರಿಸುವ ತೊಡಕುಗಳು ಇವು:

ಕಾದಾಟ: ಆಟದಲ್ಲಿ ನೂರಾರು ಕಾದಾಟಗಳು ಬರುತ್ತವೆ. ಕಥೆಯಲ್ಲಿ ಅವೆಲ್ಲವೂ ಬಂದರೆ ಓದುಗ ಬೇಸರಗೊಳ್ಳುತ್ತಾನೆ. ಪಾತ್ರದಲ್ಲಿ ಬದಲಾವಣೆ ತರುವ ಒಂದೆರಡನ್ನು ಉಳಿಸಿಕೊಂಡು ಮಿಕ್ಕವನ್ನು ಒಂದು ವಾಕ್ಯದಲ್ಲಿ ದಾಟಿಸುವುದು ರೂಢಿ.

ನಿಯಮಗಳು: ಔಷಧ ಕುಡಿದ ಕ್ಷಣದಲ್ಲೇ ಗಾಯ ಮಾಯುವುದು, ಅನುಭವದ ಅಂಕಗಳಿಂದ ಶಕ್ತಿ ಹೆಚ್ಚುವುದು ಆಟದ ನಿಯಮಗಳು. ಕಥೆಯಲ್ಲಿ ಗಾಯಕ್ಕೆ ನೋವಿರಬೇಕು, ವಿದ್ಯೆಗೆ ಅಭ್ಯಾಸವಿರಬೇಕು.

ಸಂಗಾತಿಗಳು: 'ಆರಿಜಿನ್ಸ್' ಆಟದಲ್ಲಿ ನಾಯಕನೂ ಸೇರಿ ನಾಲ್ವರು ಮಾತ್ರ ಒಟ್ಟಿಗೆ ಸಂಚರಿಸಬಹುದು, ಉಳಿದವರು ಬಿಡಾರದಲ್ಲಿರುತ್ತಾರೆ. ಕಥೆಯಲ್ಲಿ ಈ ಮಿತಿಗೆ ಕಾರಣ ಹೇಳಬೇಕು, ಇಲ್ಲವೆ ಮಿತಿಯನ್ನೇ ಕೈಬಿಡಬೇಕು.

ಕಾಲ ಮತ್ತು ದೂರ: ಆಟದ ಭೂಪಟದಲ್ಲಿ ಕ್ಷಣದಲ್ಲಿ ಮುಗಿಯುವ ಪ್ರಯಾಣಕ್ಕೆ ಕಥೆಯಲ್ಲಿ ದಿನಗಳು ಹಿಡಿಯುತ್ತವೆ. ಚಳಿ, ಹಸಿವು, ದಾರಿಯ ಮಾತುಕತೆ ಆಗ ತಾವಾಗಿಯೇ ಒಳಬರುತ್ತವೆ.

ಸಂಭಾಷಣೆ: ಆಟದ ಮಾತುಗಳನ್ನು ಉದ್ದಕ್ಕೂ ನಕಲು ಮಾಡಿದ ಕಥೆಗಳನ್ನು ಓದುಗರು ಮೆಚ್ಚುವುದು ಕಡಿಮೆ, ಏಕೆಂದರೆ ಆ ಮಾತುಗಳನ್ನು ಅವರು ಈಗಾಗಲೇ ಕೇಳಿದ್ದಾರೆ.

ಈ ಕೆಲಸದಲ್ಲಿ ಲೇಖಕರಿಗೆ ನೆರವಾಗುವುದು ಆಟದೊಳಗಿನ 'ಕೋಡೆಕ್ಸ್'. ಇದು ಥೆಡಾಸ್‌ನ ಇತಿಹಾಸ, ಧರ್ಮ ಮತ್ತು ಪದ್ಧತಿಗಳನ್ನು ತಿಳಿಸುವ ಕಿರುಬರಹಗಳ ಕೋಶ. ಥೆಡಾಸ್‌ನ ನಿವಾಸಿಗಳೇ ಬರೆದಂತೆ ಇರುವ ಇದರ ಅನೇಕ ಬರಹಗಳಲ್ಲಿ ಪೂರ್ವಗ್ರಹಗಳೂ ಪರಸ್ಪರ ವಿರೋಧಗಳೂ ಇವೆ. ಅದರಿಂದ ಲೇಖಕರಿಗೆ ಮತ್ತಷ್ಟು ಅವಕಾಶ ದೊರೆಯುತ್ತದೆ.

ಧಾರಾವಾಹಿಯ ರೂಢಿಗಳು

ಒಂದೊಂದೇ ಅಧ್ಯಾಯವನ್ನು ಪ್ರಕಟಿಸಿ, ಓದುಗರ ಪ್ರತಿಕ್ರಿಯೆ ಪಡೆದು ಮುಂದುವರಿಯುವುದು ಇಲ್ಲಿನ ಕ್ರಮ. ಪ್ರಕಟಣೆಗೆ ಮೊದಲು ಕರಡನ್ನು ಓದಿ ತಿದ್ದಿಕೊಡುವವರನ್ನು 'ಬೀಟಾ' ಎನ್ನುತ್ತಾರೆ. ಅಧಿಕೃತವಾದ ಮೂಲಕಥೆಗೆ 'ಕ್ಯಾನನ್' ಎಂದೂ, ಮೂಲದ ಒಂದು ಘಟನೆಯನ್ನು ಅಥವಾ ಇಡೀ ಲೋಕವನ್ನೇ ಬದಲಿಸಿ ಬರೆದ ಕಥೆಗೆ 'ಪರ್ಯಾಯ ಲೋಕ'ದ ಕಥೆ ಎಂದೂ ಹೆಸರು. ಎಲ್ಲದರಲ್ಲಿಯೂ ನಿಪುಣಳಾದ, ಯಾವ ದೋಷವೂ ಇಲ್ಲದ ನಾಯಕಿಯನ್ನು 'ಮೇರಿ ಸ್ಯೂ' ಎಂದು ಟೀಕಿಸುವುದುಂಟು. ಈ ಹೆಸರು 1973ರಲ್ಲಿ ಪಾಲಾ ಸ್ಮಿತ್ ಬರೆದ ಒಂದು ಸ್ಟಾರ್ ಟ್ರೆಕ್ ಅಣಕುಕಥೆಯಿಂದ ಬಂದಿದೆ. ಆಟವೇ ನಾಯಕನನ್ನು ಲೋಕರಕ್ಷಕನನ್ನಾಗಿ ಮಾಡುವುದರಿಂದ, ಆಟ ಆಧರಿಸಿದ ಕಥೆಗಳಲ್ಲಿ ಈ ದೋಷಕ್ಕೆ ಬೀಳುವ ಅಪಾಯ ಹೆಚ್ಚು. ಕಥೆಯ ಆರಂಭದಲ್ಲಿ ವಯೋಮಾನದ ಸೂಚನೆಯನ್ನೂ ಹಿಂಸೆ ಮೊದಲಾದವುಗಳ ಎಚ್ಚರಿಕೆಯನ್ನೂ ಕೊಡುವುದು ವಾಡಿಕೆ. ವಯಸ್ಕರಿಗೆ ಮಾತ್ರ ಸಲ್ಲುವ ಕಥೆಗಳೂ ಇರುವುದರಿಂದ ಕಿರಿಯ ಓದುಗರು ಈ ಸೂಚನೆಗಳನ್ನು ಗಮನಿಸಬೇಕಾಗುತ್ತದೆ.

ಧಾರಾವಾಹಿ ನಿಂತುಹೋಗುವುದು ಸಾಮಾನ್ಯ. ಲೇಖಕರಿಗೆ ಸಂಭಾವನೆ ಇಲ್ಲ, ಗಡುವಿಲ್ಲ. ಓದು, ಉದ್ಯೋಗ, ಸಂಸಾರಗಳ ನಡುವೆ ಬರೆಯುತ್ತಾರೆ. ಆರ್ಕೈವ್ ಆಫ್ ಅವರ್ ಓನ್ ಸಂಗ್ರಹದಲ್ಲಿ ಅಧ್ಯಾಯಗಳ ಎಣಿಕೆಯನ್ನು '12/?' ಎಂಬ ರೀತಿಯಲ್ಲಿ ತೋರಿಸಲಾಗುತ್ತದೆ. ಹನ್ನೆರಡು ಅಧ್ಯಾಯಗಳು ಬಂದಿವೆ, ಒಟ್ಟು ಎಷ್ಟೆಂದು ನಿಗದಿಯಾಗಿಲ್ಲ ಎಂದು ಇದರ ಅರ್ಥ. ಕೆಲವು ಕಥೆಗಳಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಆಟದೊಳಗಿನ ಧಾರಾವಾಹಿ

ಈ ಪರಿಸ್ಥಿತಿಯನ್ನು ಡ್ರ್ಯಾಗನ್ ಏಜ್ ತನ್ನೊಳಗೇ ಚಿತ್ರಿಸಿದೆ. ಎರಡನೆಯ ಆಟದ ಕಥೆಯನ್ನು ವ್ಯಾರಿಕ್ ಎಂಬ ಕುಬ್ಜ ಲೇಖಕ, ತನ್ನನ್ನು ವಿಚಾರಣೆಗೊಳಪಡಿಸಿದ ಕಸಾಂಡ್ರಾ ಎಂಬ ಯೋಧೆಗೆ ಹೇಳುತ್ತಾನೆ. ಅವನು ಸತ್ಯಕ್ಕೆ ಬಣ್ಣ ಕಟ್ಟಬಲ್ಲವನು. ಒಂದೆಡೆ ಅವಳು ಅವನನ್ನು ತಡೆದು ನಿಜ ಹೇಳುವಂತೆ ಒತ್ತಾಯಿಸುತ್ತಾಳೆ. ಮೂರನೆಯ ಆಟದಲ್ಲಿ ಅದೇ ಕಸಾಂಡ್ರಾ ವ್ಯಾರಿಕ್‌ನ ಪ್ರಣಯ ಧಾರಾವಾಹಿಯೊಂದರ ಗುಟ್ಟಿನ ಓದುಗಳೆಂದು ತಿಳಿದುಬರುತ್ತದೆ. ಅವನು ಅರ್ಧಕ್ಕೆ ಬಿಟ್ಟ ಆ ಕಥೆಯ ಮುಂದಿನ ಅಧ್ಯಾಯವನ್ನು ಬರೆಸಲು ಆಟಗಾರ ನೆರವಾಗಬಹುದು. ವ್ಯಾರಿಕ್‌ನ ಕೃತಿಯೆಂದು ಆಟದಲ್ಲಿ ಬರುವ 'ಹಾರ್ಡ್ ಇನ್ ಹೈಟೌನ್' ಎಂಬ ಪತ್ತೇದಾರಿ ಕಥೆಯನ್ನು ಬಯೋವೇರ್‌ನ ಬರಹಗಾರ್ತಿ ಮೇರಿ ಕರ್ಬಿ ಬರೆದು, ಅದು 2018ರಲ್ಲಿ ನಿಜವಾದ ಪುಸ್ತಕವಾಗಿ ಪ್ರಕಟವಾಯಿತು.

ಹೊಸ ಆಟ ಮತ್ತು ಹಳೆಯ ಕಥೆ

ಧಾರಾವಾಹಿ ನಡೆಯುತ್ತಿರುವಾಗಲೇ ಸರಣಿಯ ಹೊಸ ಆಟ ಬಂದರೆ, ಲೇಖಕರು ಕಲ್ಪಿಸಿದ್ದು ಮೂಲಕ್ಕೆ ವಿರುದ್ಧವಾಗಬಹುದು. ಆಗ ಬರೆದುದನ್ನು ತಿದ್ದಬೇಕು, ಇಲ್ಲವೆ ಕಥೆಯನ್ನು ಪರ್ಯಾಯ ಲೋಕವೆಂದು ಘೋಷಿಸಬೇಕು. ಬಯೋವೇರ್ ಸಂಸ್ಥೆಯು ಮೊದಲ ಆಟಗಳಲ್ಲಿ ಆಟಗಾರರ ತೀರ್ಮಾನಗಳನ್ನು ಮುಂದಿನ ಆಟಕ್ಕೆ ಒಯ್ಯುವ ವ್ಯವಸ್ಥೆ ಮಾಡಿತ್ತು. 2014ರಲ್ಲಿ ಇದಕ್ಕೆಂದೇ 'ಡ್ರ್ಯಾಗನ್ ಏಜ್ ಕೀಪ್' ಎಂಬ ಸೌಲಭ್ಯ ಬಂದಿತು. ಫೆರೆಲ್ಡೆನ್‌ನ ಸಿಂಹಾಸನ ಯಾರಿಗೆ ದೊರೆಯಿತು, ವಾರ್ಡನ್ ಬದುಕಿರುವನೇ ಎಂಬಂತಹ ಅನೇಕ ವಿವರಗಳನ್ನು ಅದರಲ್ಲಿ ದಾಖಲಿಸಬಹುದಿತ್ತು. ಆದರೆ 2024ರ 'ವೇಲ್‌ಗಾರ್ಡ್' ಕೀಪ್‌ಅನ್ನು ಬಳಸಲಿಲ್ಲ. ಹಿಂದಿನ ತೀರ್ಮಾನಗಳಲ್ಲಿ ಮೂರನ್ನು ಮಾತ್ರ ಅದು ಕೇಳುತ್ತದೆ. ಮೂರೂ 'ಇನ್‌ಕ್ವಿಸಿಶನ್' ಆಟಕ್ಕೆ ಸೇರಿದವು. ಹೀಗಾಗಿ ಮೊದಲ ಎರಡು ಆಟಗಳ ತೀರ್ಮಾನಗಳ ಮುಂದಿನ ಪರಿಣಾಮವನ್ನು ಹೇಳುವ ಹೊಣೆ ಮಟ್ಟಿಗೆ ಅಭಿಮಾನಿ ಕಥೆಗಳೇ ಉಳಿದಿವೆ.

ಕಾನೂನಿನ ಅಂಶಗಳು

ಥೆಡಾಸ್ ಮತ್ತು ಅದರ ಪಾತ್ರಗಳ ಹಕ್ಕು ಆಟದ ಒಡೆಯರದು. ಹಳೆಯ ಕಥೆಯನ್ನು ಹೊಸದಾಗಿ ಹೇಳುವುದು ಕನ್ನಡಿಗರಿಗೆ ಅಪರಿಚಿತವಲ್ಲ. 10ನೇ ಶತಮಾನದಲ್ಲಿ ಪಂಪನು ಮಹಾಭಾರತವನ್ನು ತನ್ನ ದೃಷ್ಟಿಯಿಂದ ಮರುರೂಪಿಸಿದನು. ಆದರೆ ಮಹಾಭಾರತ ಯಾರೊಬ್ಬರ ಸ್ವತ್ತೂ ಅಲ್ಲ, ಅಭಿಮಾನಿ ಕಥೆಯ ಮೂಲವಾದರೋ ಹಕ್ಕುಸ್ವಾಮ್ಯಕ್ಕೆ ಒಳಪಟ್ಟದ್ದು. ಅಮೆರಿಕದಲ್ಲಿ ಅಭಿಮಾನಿ ಲೇಖಕರು 1976ರ ಹಕ್ಕುಸ್ವಾಮ್ಯ ಕಾಯಿದೆಯ 107ನೇ ಸೆಕ್ಷನ್‌ನಲ್ಲಿರುವ ನ್ಯಾಯೋಚಿತ ಬಳಕೆಯ ತತ್ವವನ್ನು ಆಧಾರವಾಗಿ ಹೇಳುತ್ತಾರೆ. ಬಳಕೆ ವಾಣಿಜ್ಯೋದ್ದೇಶದ್ದೇ, ಮೂಲದಿಂದ ಎಷ್ಟು ತೆಗೆದುಕೊಂಡಿದೆ, ಮೂಲದ ಮಾರುಕಟ್ಟೆಗೆ ಹಾನಿಯೇ ಎಂಬ ಅಂಶಗಳು ಅಲ್ಲಿ ಪರಿಗಣನೆಗೆ ಬರುತ್ತವೆ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ 14ನೇ ಸೆಕ್ಷನ್ ರೂಪಾಂತರದ ಹಕ್ಕನ್ನು ಮೂಲ ಹಕ್ಕುದಾರರಿಗೆ ಕೊಡುತ್ತದೆ. 52ನೇ ಸೆಕ್ಷನ್ ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ ಮೊದಲಾದವುಗಳಿಗೆ ವಿನಾಯಿತಿ ನೀಡುತ್ತದೆ. ಅದರಲ್ಲಿ ಅಭಿಮಾನಿ ಕಥೆಗಳ ಪ್ರತ್ಯೇಕ ಉಲ್ಲೇಖವಿಲ್ಲ. ಆರ್ಕೈವ್ ಆಫ್ ಅವರ್ ಓನ್ ತನ್ನಲ್ಲಿ ವಾಣಿಜ್ಯ ಚಟುವಟಿಕೆಯನ್ನು ನಿಷೇಧಿಸಿದೆ. ಹಣಕ್ಕಾಗಿ ಪ್ರಕಟಿಸಬಯಸುವವರು ಹೆಸರು, ಲೋಕ ಮತ್ತು ಗುರುತುಗಳನ್ನು ಬದಲಿಸಿ ಸ್ವತಂತ್ರ ಕೃತಿಯನ್ನಾಗಿ ಮಾಡುವುದುಂಟು.

ಭಾರತದಲ್ಲಿ

ಎಲೆಕ್ಟ್ರಾನಿಕ್ ಆರ್ಟ್ಸ್ 2014ರಲ್ಲಿ 'ಇನ್‌ಕ್ವಿಸಿಶನ್' ಆಟವನ್ನು ಭಾರತದ ಮಾರಾಟದಿಂದ ಹಿಂತೆಗೆದುಕೊಂಡಿತು. ಇಲ್ಲಿನ ಅಶ್ಲೀಲತೆಯ ಕಾನೂನುಗಳ ಉಲ್ಲಂಘನೆಯಾಗದಂತೆ ಈ ಕ್ರಮವೆಂದು ಸಂಸ್ಥೆ ಕಾರಣ ನೀಡಿತ್ತು. ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಈ ಸರಣಿಯ ಆಟಗಳು ಬಂದಿಲ್ಲ.

ಮಹತ್ವ

ಹೊಸದಾಗಿ ಬರೆಯುವವರಿಗೆ ಈ ಪ್ರಕಾರ ಒಂದು ಅಭ್ಯಾಸರಂಗವಾಗಿದೆ. ಲೋಕವೂ ಪಾತ್ರಗಳೂ ಸಿದ್ಧವಾಗಿರುವುದರಿಂದ ಲೇಖಕನು ಸಂಭಾಷಣೆ, ದೃಷ್ಟಿಕೋನ ಮತ್ತು ಕಥಾಗತಿಯ ಮೇಲೆ ಗಮನವಿಡಬಹುದು. ಅಧ್ಯಾಯ ಹೊರಬಂದ ಕೂಡಲೇ ಅದನ್ನು ಓದುವವರೂ ಇರುತ್ತಾರೆ. ಎಲ್ಲವೂ ಸಿದ್ಧವಾಗಿ ಸಿಗುವುದರಿಂದ ಸ್ವಂತ ಲೋಕವನ್ನು ಕಟ್ಟುವ ಶಕ್ತಿ ಬೆಳೆಯುವುದಿಲ್ಲ ಎಂಬ ಆಕ್ಷೇಪವೂ ಇದೆ. ಆದರೆ ಆಟದಲ್ಲಿ ಹಿಂದಿನ ಹಂತಕ್ಕೆ ಮರಳಿ ಬೇರೊಂದು ಆಯ್ಕೆಯನ್ನು ಪರೀಕ್ಷಿಸಬಹುದು, ಕಥೆಯಲ್ಲಿ ಒಂದೇ ಆಯ್ಕೆಗೆ ಬದ್ಧನಾಗಿರಬೇಕು. ತನ್ನ ನಾಯಕ ಹೀಗೇ ಏಕೆ ನಡೆದ ಎಂಬುದನ್ನು ಓದುಗರಿಗೆ ಒಪ್ಪಿಸುವ ಹೊಣೆ ಲೇಖಕನದಾಗಿರುತ್ತದೆ, ಮತ್ತು ಆ ಕಾರಣಗಳನ್ನು ಆಟ ಒದಗಿಸುವುದಿಲ್ಲ.