ಕಾಲಿನಲ್ಲಿ ಉಬ್ಬಿದ ನೀಲಿ ರಕ್ತನಾಳ: ಕಡೆಗಣಿಸಬೇಡಿ

ಸೀರೆ ಅಂಗಡಿ, ತರಗತಿ, ಹೋಟೆಲ್ ಅಡುಗೆಮನೆ... ದಿನವಿಡೀ ನಿಂತೇ ದುಡಿಯುವವರೇ, ಇಂದು ಸಂಜೆ ನಿಮ್ಮ ಕಾಲು ನೋಡಿಕೊಳ್ಳಿ. ನೀಲಿ ರಕ್ತನಾಳಗಳು ಹಾವಿನಂತೆ ಸುತ್ತಿ ಉಬ್ಬಿವೆಯೇ? ಅದು ವೆರಿಕೋಸ್ ವೇನ್ಸ್ ಇರಬಹುದು.

ಕಾಲಿನ ರಕ್ತ ಮೇಲೇರಿ ಹೃದಯಕ್ಕೆ ಮರಳಬೇಕು. ನಡೆಯುವಾಗ ಮೀನಖಂಡದ ಸ್ನಾಯು ಅದನ್ನು ಮೇಲಕ್ಕೆ ತಳ್ಳುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಕವಾಟ ದುರ್ಬಲವಾದರೆ ರಕ್ತ ಕೆಳಗೇ ಉಳಿದು ನಾಳ ಹಿಗ್ಗುತ್ತದೆ. ಕಾಲು ಭಾರ, ಸೆಳೆತ, ಪಾದದ ಊತ ಶುರುವಾಗುತ್ತದೆ.

ಏನು ಮಾಡಬೇಕು? ದಿನಾ ನಡೆಯಿರಿ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಬಿಡುವಾದಾಗ 15 ನಿಮಿಷ ಮಲಗಿ, ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡಿ. ತೂಕ ಹತೋಟಿಯಲ್ಲಿರಲಿ. ಕಂಪ್ರೆಷನ್ ಸ್ಟಾಕಿಂಗ್ಸ್ ಅನ್ನು ವೈದ್ಯರನ್ನು ಕೇಳಿಯೇ ಧರಿಸಿ. ಕಾಲಿಗೆ ರಕ್ತ ಪೂರೈಕೆ ಕಡಿಮೆ ಇರುವವರಿಗೆ ಅದು ಅಪಾಯ.

ಈ ಕ್ರಮಗಳಿಂದ ಕೆಟ್ಟ ಕವಾಟ ಸರಿಯಾಗದು, ಆದರೆ ತೊಂದರೆ ತಗ್ಗುತ್ತದೆ. ನೋವು ಮುಂದುವರಿದರೆ, ಚರ್ಮ ಕಪ್ಪಾದರೆ, ಹುಣ್ಣಾದರೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕು. ಕೆಟ್ಟ ನಾಳವನ್ನು ಮುಚ್ಚುವ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆಯಾದವರು ಸಾಮಾನ್ಯವಾಗಿ ಅದೇ ದಿನ ನಡೆದು ಮನೆಗೆ ಹೋಗುತ್ತಾರೆ.

ನಾಳ ಒಡೆದು ರಕ್ತ ಸುರಿದರೆ ಮಲಗಿ, ಕಾಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಸಹಾಯಕ್ಕೆ ಕೂಗಿ. ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಕಾಯಬೇಡಿ: ತಕ್ಷಣ 108ಕ್ಕೆ ಕರೆ ಮಾಡಿ.